ಹೆದೆಯ ಸದ್ದು, ಜಿಂಕೆಯ ಕಿವಿ: ಒಂದು ಅಧ್ಯಯನದ ಹಾದಿ

ಬಿಟ್ಟ ಬಾಣಕ್ಕಿಂತ ಹೆದೆಯ ಸದ್ದು ಮೊದಲು ತಲುಪುತ್ತದೆ. ಬಿಲ್ಲಿನ ಬೇಟೆಯ ಕಷ್ಟವೆಲ್ಲ ಇದರಲ್ಲಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಮರದ ಬಿಲ್ಲಿನ ಬಾಣದ ವೇಗ 50 ಮೀಟರಿನ ಆಸುಪಾಸು, ರಾಟೆ ಜೋಡಿಸಿದ ಇಂದಿನ ಕಾಂಪೌಂಡ್ ಬಿಲ್ಲಿನದು 85ರ ಆಸುಪಾಸು. ಸದ್ದು ಕೇಳಿ ಬಾಣ ಮುಟ್ಟುವವರೆಗಿನ ಆ ಚೂರು ಹೊತ್ತಿನಲ್ಲಿ ಜಿಂಕೆ ಏನು ಮಾಡುತ್ತದೆ? ಬೇಟೆಗಾರ ಅದಕ್ಕೆ ಯಾವ ಉಪಾಯ ಹೂಡಿದ? ಇದನ್ನು ತಿಳಿಯಲು ಪುರಾತತ್ತ್ವ, ಮಾನವಶಾಸ್ತ್ರ, ಪ್ರಾಣಿವರ್ತನೆಯ ಅಧ್ಯಯನ ಮೂರೂ ಬೇಕು. ಮೊದಲ ಎರಡರ ಹಾದಿಯಲ್ಲಿ ಪುಣೆಯ ಪಾಲು ದೊಡ್ಡದು. ಆ ಹಾದಿ ಕರ್ನಾಟಕಕ್ಕೂ ಬಂದಿದೆ.

ಕಲ್ಲು ಮತ್ತು ಎಲುಬು

ಪುಣೆಯ ಡೆಕ್ಕನ್ ಕಾಲೇಜು 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆದಾಗ ಪುರಾತತ್ತ್ವಜ್ಞ ಎಚ್.ಡಿ. ಸಂಕಾಲಿಯಾ ಅಲ್ಲಿಗೆ ಸೇರಿದರು. ಗುಜರಾತಿನ ಲಾಂಘಣಜ್‌ನ ಮರಳು ದಿಬ್ಬಗಳಲ್ಲಿ ಅವರು ನಡೆಸಿದ ಉತ್ಖನನದಲ್ಲಿ ಸೂಕ್ಷ್ಮ ಶಿಲಾಯುಧಗಳೂ ಪ್ರಾಣಿಗಳ ಎಲುಬುಗಳೂ ಒಟ್ಟಿಗೆ ಸಿಕ್ಕವು. ಎಲುಬುಗಳನ್ನು ಪರೀಕ್ಷಿಸಿದ ಜೂಲಿಯೆಟ್ ಕ್ಲಟನ್-ಬ್ರಾಕ್ 1965ರಲ್ಲಿ ವರದಿ ಕೊಟ್ಟರು. ಜಿಂಕೆಯ ಜಾತಿಗಳು, ಕೃಷ್ಣಮೃಗ, ನೀಲಗಾಯಿ, ಘೇಂಡಾಮೃಗ ಆ ಪಟ್ಟಿಯಲ್ಲಿದ್ದವು.

ಆ ಕಲ್ಲಿನ ಚೂರುಗಳಲ್ಲಿ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಉದ್ದ ಒಂದೆರಡು ಸೆಂಟಿಮೀಟರ್, ಆಕಾರ ಅರ್ಧಚಂದ್ರ. ಬಾಗಿದ ಬದಿಯನ್ನು ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ಮೊಂಡು ಮಾಡಿದ್ದಾರೆ, ನೇರ ಬದಿಯನ್ನು ಹರಿತವಾಗಿಯೇ ಬಿಟ್ಟಿದ್ದಾರೆ. ಮೊಂಡು ಬದಿ ಮರದ ಕಡ್ಡಿಯ ಸೀಳಿನಲ್ಲಿ ಅಂಟಿನೊಂದಿಗೆ ಕೂರುತ್ತದೆ. ಹರಿತವಾದ ಅಂಚು ಹೊರಗೆ ಉಳಿದು ಮಾಂಸವನ್ನು ಕೊಯ್ಯುತ್ತದೆ. ಇಂಥ ಬಾಣ ಪ್ರಾಣಿಯನ್ನು ನಿಂತಲ್ಲೇ ಕೆಡವುವುದಿಲ್ಲ. ರಕ್ತ ಸುರಿಸುತ್ತ ಓಡುವ ಪ್ರಾಣಿಯ ಜಾಡು ಹಿಡಿದು ಹೋಗುವುದು ಬೇಟೆಯ ಇನ್ನರ್ಧ ಕೆಲಸ. ಇತಿಹಾಸಕಾರ ಡಿ.ಡಿ. ಕೊಸಾಂಬಿ ಇಂಥ ಚೂರುಗಳನ್ನು ಪುಣೆಯ ಸುತ್ತಲಿನ ಗುಡ್ಡಗಳಲ್ಲೇ ಆರಿಸಿದ್ದರು.

1968ರಿಂದ 1983ರವರೆಗೆ ಪುಣೆ ಜಿಲ್ಲೆಯ ಇನಾಮ್‌ಗಾಂವ್‌ನಲ್ಲಿ ನಡೆದ ಉತ್ಖನನ ಇನ್ನೊಂದು ವಿಷಯ ತಿಳಿಸಿತು: ಘೋಡ್ ನದಿಯ ದಂಡೆಯಲ್ಲಿ ಬೆಳೆ ತೆಗೆದು ದನ ಸಾಕುತ್ತಿದ್ದ ಜನರೂ ಜಿಂಕೆ, ಕೃಷ್ಣಮೃಗಗಳ ಬೇಟೆಯನ್ನು ಬಿಟ್ಟಿರಲಿಲ್ಲ.

ಕನ್ನಡ ನಾಡಿನ ಕೆಲಸವೂ ಇದೇ ಹೊತ್ತಿನಲ್ಲಿ ಬೆಳೆಯಿತು. ಬಿ. ಸುಬ್ಬರಾವ್ ಅವರ ಬಳ್ಳಾರಿ ಶಿಲಾಯುಗದ ಅಧ್ಯಯನವನ್ನು ಡೆಕ್ಕನ್ ಕಾಲೇಜು 1948ರಲ್ಲಿ ಪ್ರಕಟಿಸಿತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರ ತೆಕ್ಕಲಕೋಟೆಯ ವರದಿ ಬಂತು. ನಾಗರಾಜರಾವ್ ಅಗೆಸಿದ ಹಳ್ಳೂರಿನ ಎಲುಬುಗಳನ್ನು ಗುರುತಿಸಿಕೊಟ್ಟವರು ಪಶುವೈದ್ಯ ಕೆ.ಆರ್. ಆಲೂರ. ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯ ದಶಕಗಳ ಕಾಲ ದುಡಿದರು.

ಎಲುಬಿನ ಮಾತಿಗೆ ಒಂದು ಮಿತಿಯಿದೆ. ಯಾವ ಪ್ರಾಣಿಯನ್ನು ತಿಂದರು ಎಂದು ಅದು ಹೇಳುತ್ತದೆ. ಎಷ್ಟು ದೂರದಿಂದ ಹೊಡೆದರು, ಎಷ್ಟು ಬಾಣ ತಪ್ಪಿದವು, ಬಾಣವೇ ಇಲ್ಲದೆ ಹಿಡಿದದ್ದೆಷ್ಟು ಎಂದು ಹೇಳುವುದಿಲ್ಲ.

ಸದ್ದಿಲ್ಲದ ಬೇಟೆ

ಆ ಉತ್ತರಕ್ಕೆ ಬದುಕಿರುವ ಬೇಟೆಗಾರರನ್ನೇ ಕೇಳಬೇಕಾಯಿತು. ತೆಕ್ಕಲಕೋಟೆಯ ವರದಿಯಲ್ಲಿ ಕೈಜೋಡಿಸಿದ್ದ ಅದೇ ಮಾನವಶಾಸ್ತ್ರಜ್ಞ ಮಲ್ಹೋತ್ರ, ಎಸ್.ಬಿ. ಖೋಮ್ಣೆ ಮತ್ತು ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆ 1983ರಲ್ಲಿ ಮಹಾರಾಷ್ಟ್ರದ ಮೂರು ಅಲೆಮಾರಿ ಸಮುದಾಯಗಳ ಬೇಟೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ನಂದಿವಾಲಾಗಳು ನಾಯಿಗಳೊಂದಿಗೆ ಹಂದಿಯಂಥ ಪ್ರಾಣಿಗಳ ಹಿಂದೆ ಹೋಗುತ್ತಿದ್ದರು, ವೈದುಗಳು ಸಣ್ಣ ಮಾಂಸಾಹಾರಿಗಳಿಗೆ ಬೋನು ಒಡ್ಡುತ್ತಿದ್ದರು, ಫಾಸೆ ಪಾರಧಿಗಳು ಜಿಂಕೆ, ಚಿಗರಿ, ಹಕ್ಕಿಗಳಿಗೆ ಉರುಳು ಹಾಕುತ್ತಿದ್ದರು. ಒಂದೇ ಸೀಮೆಯಲ್ಲಿದ್ದೂ ಒಬ್ಬರ ಬೇಟೆಗೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ.

ಅತಿ ಚುರುಕು ಕಿವಿಯ ಪ್ರಾಣಿಗೆ ಉರುಳನ್ನೇ ಆಯ್ದುಕೊಂಡದ್ದನ್ನು ಗಮನಿಸಬೇಕು. ಉರುಳಿಗೆ ಹೆದೆಯಿಲ್ಲ, ಸದ್ದಿಲ್ಲ. ಉತ್ತರ ಕರ್ನಾಟಕದ ಹರಣಶಿಕಾರಿಗಳಲ್ಲೂ ಇದೇ ಪರಂಪರೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ವಿಧಾನಗಳನ್ನು ವಿಂಗಡಿಸಿ ಬರೆದಾಗಲೂ ಸಾಕಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯಕ್ಕೆ ಜಾಗ ಕೊಟ್ಟ. ಎಲ್ಲದರ ಗುರಿ ಒಂದೇ: ಪ್ರಾಣಿಗೆ ಸುಳಿವು ಕೊಡದೆ ಹತ್ತಿರವಾಗುವುದು.

ಕಿವಿಯ ಲೆಕ್ಕ

ಇಲ್ಲಿಯವರೆಗೆ ಬೇಟೆಗಾರನ ಕಡೆಯಿಂದ ನೋಡಿದೆವು, ಇನ್ನು ಜಿಂಕೆಯ ಕಡೆಯಿಂದ ನೋಡೋಣ. ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ 1963ರಿಂದ 1965ರವರೆಗೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಚುಕ್ಕೆ ಜಿಂಕೆ, ಬಾರಾಸಿಂಗ, ಕೃಷ್ಣಮೃಗಗಳನ್ನು ಗಮನಿಸಿ 1967ರಲ್ಲಿ ‘ದಿ ಡೀರ್ ಅಂಡ್ ದಿ ಟೈಗರ್’ ಪ್ರಕಟಿಸಿದರು. ಶಂಕೆ ಬಂದ ಚುಕ್ಕೆ ಜಿಂಕೆ ತಲೆಯೆತ್ತಿ, ಕಿವಿಗಳನ್ನು ಮುಂದಕ್ಕೆ ನಿಗುರಿಸಿ, ಮುಂಗಾಲಿನಿಂದ ನೆಲ ಬಡಿಯುತ್ತದೆ. ಬಳಿಕ ಚೀರಿ ಇಡೀ ಹಿಂಡನ್ನು ಎಚ್ಚರಿಸುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯ ಕಿವಿಯನ್ನು ಜಾರ್ಜಿಯಾದ ಸಂಶೋಧಕರು ಅಳೆದು 2007ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅದು 30 ಕಿಲೋಹರ್ಟ್ಸ್‌ವರೆಗೆ ಕೇಳಬಲ್ಲದು, 4ರಿಂದ 8ರ ನಡುವೆ ಅತಿ ಸೂಕ್ಷ್ಮ. ನಮ್ಮ ಕಿವಿ 20ಕ್ಕೆ ನಿಲ್ಲುತ್ತದೆ.

ಸದ್ದು ಕೇಳಿದ ಜಿಂಕೆ ನೇರವಾಗಿ ಹಾರುವುದಿಲ್ಲ. ಹಾರಲು ಮೊದಲು ಕಾಲು ಮಡಚಬೇಕು, ಮಡಚಿದಾಗ ಮೈ ಕೆಳಗಿಳಿಯುತ್ತದೆ. ಬಾಣ ಬೆನ್ನ ಮೇಲಿಂದ ಹಾದುಹೋಗುವುದು ಇದರಿಂದಲೇ. ಒಂದು ಲೆಕ್ಕ ಹಾಕೋಣ. ಜಿಂಕೆ 20 ಮೀಟರ್ ದೂರದಲ್ಲಿದೆ. ಸದ್ದು ಕೇಳಿ ಸ್ನಾಯು ಎಚ್ಚೆತ್ತುಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆಂದೂ ಆಮೇಲೆ ಮೈ ಗುರುತ್ವದ ವೇಗೋತ್ಕರ್ಷದಲ್ಲೇ ಇಳಿಯುತ್ತದೆಂದೂ ಇಟ್ಟುಕೊಂಡರೆ, ಮರದ ಬಿಲ್ಲಿನ ಬಾಣ ಮುಟ್ಟುವಷ್ಟರಲ್ಲಿ ಅದು ಸುಮಾರು 29 ಸೆಂಟಿಮೀಟರ್ ಇಳಿದಿರುತ್ತದೆ. ಕಾಂಪೌಂಡ್ ಬಿಲ್ಲಾದರೆ ಸುಮಾರು 3 ಸೆಂಟಿಮೀಟರ್ ಮಾತ್ರ. ಅದೇ ಕಾಂಪೌಂಡ್ ಬಿಲ್ಲಿನಿಂದ 40 ಮೀಟರಿಗೆ ಹೊಡೆದರೆ ಇಳಿತ ಮತ್ತೆ 30 ಸೆಂಟಿಮೀಟರ್ ದಾಟುತ್ತದೆ. ದೂರ ಎರಡರಷ್ಟಾದರೆ ಇಳಿತ ಹತ್ತರಷ್ಟು! ಹೊಸ ಬಿಲ್ಲು ಕೊಟ್ಟ ಅನುಕೂಲವನ್ನು ದೂರ ಪೂರ್ತಿ ನುಂಗಿಬಿಡುತ್ತದೆ.

ಅಮೆರಿಕದಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯರು ಯಾಹಿ ಬುಡಕಟ್ಟಿನ ಇಶಿಯಿಂದ ಬಿಲ್ವಿದ್ಯೆ ಕಲಿತು 1923ರಲ್ಲಿ ಬಿಲ್ಲಿನ ಬೇಟೆಯ ಕುರಿತು ಪುಸ್ತಕ ಪ್ರಕಟಿಸಿದ ಮೇಲೆ ಆ ಬೇಟೆ ಅಲ್ಲಿ ಹವ್ಯಾಸವಾಗಿ ಬೆಳೆಯಿತು. 1969ರಲ್ಲಿ ಹಾಲೆಸ್ ವಿಲ್ಬರ್ ಅಲೆನ್‌ಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಹೆದೆಗೆ ರಬ್ಬರು, ತುಪ್ಪಳ ಕಟ್ಟಿ ಸದ್ದು ತಗ್ಗಿಸುವ ಉಪಾಯಗಳು ಬಂದವು. ಕಾನೂನು ಒಪ್ಪುವ ಆ ದೇಶದಲ್ಲಿ ಅನುಭವಿಗಳು ಹೇಳುವುದಿಷ್ಟು: ಗುರಿ ಹೆಗಲಿನ ಹಿಂದಿರುವ ಹೃದಯ-ಶ್ವಾಸಕೋಶದ ಜಾಗ, ಅದರಲ್ಲೂ ಎದೆಯ ಕೆಳಗಿನ ಮೂರನೇ ಒಂದು ಭಾಗ. ಜಿಂಕೆ ಕದಲದಿದ್ದರೆ ಬಾಣ ಹೃದಯಕ್ಕೆ, ಕುಗ್ಗಿದರೆ ಶ್ವಾಸಕೋಶಕ್ಕೆ. ತಲೆಯೆತ್ತಿ ನಿಗಾ ಇಟ್ಟಿರುವ ಜಿಂಕೆಗೆ, ದೂರದ ಜಿಂಕೆಗೆ ಹೊಡೆಯಲೇಬಾರದು. ತಪ್ಪಿದ ಬಾಣ ಕೊಲ್ಲುವುದಿಲ್ಲ, ದಿನಗಟ್ಟಲೆ ನರಳಿಸುತ್ತದೆ.

ನಮ್ಮಲ್ಲಿ ಇದರ ಉಪಯೋಗ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆಯ ಬೇಟೆಯನ್ನು ನಿಷೇಧಿಸಿದೆ, ಅದು ಹಾಗೆಯೇ ಇರಬೇಕು. ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂದು ಬಾಣ ಹೋಗುವುದು ಕಿವಿಯಿಲ್ಲದ ಗುರಿಹಲಗೆಗೆ. ಆದರೂ ಜಿಂಕೆಯ ಕಿವಿಯ ಲೆಕ್ಕ ನಮಗೆ ಬೇಡವಾಗಿಲ್ಲ. ಗಾಯಗೊಂಡ ಅಥವಾ ದಾರಿ ತಪ್ಪಿ ಊರಿಗೆ ಬಂದ ಜಿಂಕೆಗೆ ಅರಿವಳಿಕೆಯ ಡಾರ್ಟ್ ಹೊಡೆಯುವ ಪಶುವೈದ್ಯರ ಎದುರಿಗೂ ಇದೇ ಸಮಸ್ಯೆಯಿದೆ. ಡಾರ್ಟ್ ಕೂಡ ಸದ್ದಿಗಿಂತ ನಿಧಾನ. ಅವರ ಗುರಿ ತೊಡೆಯ ದಪ್ಪ ಸ್ನಾಯು. ಜಿಂಕೆ ಕದಲಿದರೆ ಸೂಜಿ ಹೊಟ್ಟೆಗೋ ಎದೆಗೋ ನಾಟಿ ಜೀವಕ್ಕೇ ಕುತ್ತು. ಆದ್ದರಿಂದ ಮಧ್ಯಪ್ರದೇಶದಲ್ಲಿ ಹಿಂಡುಗಳನ್ನು ಸ್ಥಳಾಂತರಿಸಲು ಡಾರ್ಟ್ ಬಿಟ್ಟು, ಆಲಿಕೆಯಾಕಾರದ ಬೇಲಿಯೊಳಗೆ ನಡೆಸಿ ಲಾರಿಗೆ ಹತ್ತಿಸುವ ‘ಬೋಮಾ’ ವಿಧಾನವನ್ನು ಬಳಸಿದರು. ಹೊಡೆಯದೆ ಹಿಡಿಯುವುದೇ ಮೇಲೆಂಬ ಫಾಸೆ ಪಾರಧಿಗಳ ತಿಳಿವಳಿಕೆಗೆ ವಿಜ್ಞಾನ ಬೇರೆ ದಾರಿಯಿಂದ ಬಂದು ತಲುಪಿದೆ.

ಆ ತಿಳಿವಳಿಕೆಯ ಒಡೆಯರನ್ನು ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ ಎಂದು ಪಟ್ಟಿಮಾಡಿತ್ತು. ಹಾಗೆ ಪಟ್ಟಿಮಾಡಿದ ಕಾಯ್ದೆ 1952ರಲ್ಲಿ ಹೋಯಿತು, ಕಳಂಕ ಹೋಗಲಿಲ್ಲ. ಪುಣೆ, ಧಾರವಾಡ, ಮೈಸೂರಿನ ಪುರಾತತ್ತ್ವ, ಮಾನವಶಾಸ್ತ್ರ ವಿಭಾಗಗಳು ಪಾರಧಿ, ಹರಣಶಿಕಾರಿ, ಸೋಲಿಗ, ಜೇನುಕುರುಬ ಹಿರಿಯರ ಜೊತೆ ಕೂತು ಜಿಂಕೆಯ ನಡೆಯ ಬಗ್ಗೆ ಅವರಿಗೆ ತಿಳಿದದ್ದನ್ನು ಅವರ ಹೆಸರಿನಲ್ಲೇ ದಾಖಲಿಸಬೇಕು. ಅರಣ್ಯ ಇಲಾಖೆಗಳು ಅವರನ್ನು ರಕ್ಷಣಾ ತಂಡಗಳಿಗೆ ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.