ಗುರುತು ಮತ್ತು ಹಕ್ಕಿನ ನಡುವೆ: ಪೆರುವಿನ ಕೆಚುವಾ ಯುವಜನ

ಪೆರುವಿನ 2017ರ ಜನಗಣತಿಯಲ್ಲಿ ಮೂಲನಿವಾಸಿ ಭಾಷೆಯಾದ ಕೆಚುವಾವನ್ನು ಮಾತೃಭಾಷೆಯೆಂದು ಬರೆಸಿದವರು 37 ಲಕ್ಷಕ್ಕೂ ಹೆಚ್ಚು. ತಾವು ಕೆಚುವಾ ಜನ ಎಂದು ಹೇಳಿಕೊಂಡವರು 12 ವರ್ಷ ದಾಟಿದವರಲ್ಲೇ 51 ಲಕ್ಷ ಮೀರಿದ್ದರು. ಎಂದರೆ, ಭಾಷೆ ಕೈತಪ್ಪಿದ ಮೇಲೂ ಲಕ್ಷಾಂತರ ಮಂದಿ ಗುರುತನ್ನು ಬಿಟ್ಟುಕೊಟ್ಟಿಲ್ಲ. ಈ ಅಂತರದ ಮೂಲ ಸಾಮಾಜಿಕ ಅಸಮಾನತೆಯಲ್ಲಿದೆ; ಅದನ್ನು ತುಂಬುವ ಹೊಣೆ ಮಾತ್ರ ಯುವಜನರ ಹೆಗಲೇರಿದೆ ಎಂಬುದು ಈ ಲೇಖನದ ವಾದ.

1979ರ ಸಂವಿಧಾನ ಬರುವವರೆಗೆ ಅಲ್ಲಿ ಅನಕ್ಷರಸ್ಥರಿಗೆ ಮತದಾನದ ಹಕ್ಕಿರಲಿಲ್ಲ. ಶಾಲೆ ಕಲಿಸುತ್ತಿದ್ದುದು ಸ್ಪ್ಯಾನಿಷ್ ಅಕ್ಷರವಾದ್ದರಿಂದ ಕೆಚುವಾ ಮಾತ್ರ ಬಲ್ಲವರು ಮತದಿಂದ ಹೊರಗುಳಿದರು. ವೆಲಾಸ್ಕೊ ಅವರ ಮಿಲಿಟರಿ ಸರ್ಕಾರ 1975ರಲ್ಲಿ ಕೆಚುವಾಕ್ಕೆ ಅಧಿಕೃತ ಸ್ಥಾನ ಕೊಟ್ಟಿತಾದರೂ ಮುಂದಿನ ಸಂವಿಧಾನಗಳು ಅದನ್ನು ಕೆಲವು ಪ್ರದೇಶಗಳಿಗೆ ಸೀಮಿತಗೊಳಿಸಿದವು. 1980ರಿಂದ 2000ದವರೆಗೆ ಬಂಡುಕೋರರು ಮತ್ತು ಪ್ರಭುತ್ವದ ನಡುವೆ ನಡೆದ ಆಂತರಿಕ ಸಂಘರ್ಷದಲ್ಲಿ ಸತ್ತವರು ಮತ್ತು ಕಾಣೆಯಾದವರು 69,000ಕ್ಕೂ ಹೆಚ್ಚು ಎಂದು ಸತ್ಯ ಮತ್ತು ಸಾಮರಸ್ಯ ಆಯೋಗ 2003ರಲ್ಲಿ ಅಂದಾಜಿಸಿತು. ಬಲಿಯಾದವರಲ್ಲಿ ಶೇ. 75ರಷ್ಟು ಮಂದಿಯ ತಾಯ್ನುಡಿ ಕೆಚುವಾ ಅಥವಾ ಬೇರೊಂದು ಮೂಲನಿವಾಸಿ ಭಾಷೆ. ಬೆಟ್ಟಸೀಮೆಯಿಂದ ಲಿಮಾಕ್ಕೆ ಓಡಿಬಂದ ಎಷ್ಟೋ ಹೆತ್ತವರು ಮಕ್ಕಳಿಗೆ ಕೆಚುವಾ ಕಲಿಸಲಿಲ್ಲ. ಅವಮಾನ ಮತ್ತು ಅನುಮಾನದಿಂದ ಅವರನ್ನು ಕಾಪಾಡಲು ಕಂಡ ದಾರಿ ಅದೊಂದೇ.

ಇಂದಿನ ತಲೆಮಾರು ಆ ಮೌನವನ್ನು ಮುರಿಯುತ್ತಿದೆ. ಸಂಘರ್ಷದಲ್ಲಿ ಅತಿಹೆಚ್ಚು ನಲುಗಿದ ಅಯಾಕುಚೊದ ರೆನಾಟಾ ಫ್ಲೋರೆಸ್ 2015ರಲ್ಲಿ, ಹದಿಹರೆಯದಲ್ಲೇ, ಮೈಕಲ್ ಜಾಕ್ಸನ್ ಹಾಡನ್ನು ಕೆಚುವಾದಲ್ಲಿ ಹಾಡಿ ಹೆಸರಾದಳು. ಲಿಬೆರಾಟೊ ಕಾನಿ ಅಪುರಿಮಾಕ್‌ನಲ್ಲಿ ಅಜ್ಜಿಯಿಂದ ಕಲಿತ ನುಡಿಯಲ್ಲಿ ರ‍್ಯಾಪ್ ಕಟ್ಟಿದ. ಹೆತ್ತವರು ಮುಚ್ಚಿಟ್ಟದ್ದನ್ನು ಮಕ್ಕಳು ಅಜ್ಜ-ಅಜ್ಜಿಯರಿಂದ ಕೇಳಿ ಪಡೆಯುತ್ತಿರುವುದು ಇಲ್ಲಿ ಗಮನಾರ್ಹ.

ಆದರೆ ವೇದಿಕೆಯ ಮೇಲೆ ಸಿಕ್ಕ ಮನ್ನಣೆ ಸಂಸ್ಥೆಗಳ ಒಳಗೆ ಅಷ್ಟು ಸುಲಭವಾಗಿ ಇಳಿದಿಲ್ಲ. 1551ರಲ್ಲಿ ಸ್ಥಾಪನೆಯಾದ ಸಾನ್ ಮಾರ್ಕೊಸ್ ವಿಶ್ವವಿದ್ಯಾಲಯ ಕೆಚುವಾದಲ್ಲಿ ಬರೆದ ಡಾಕ್ಟರೇಟ್ ಪ್ರಬಂಧವೊಂದನ್ನು ಮೊದಲ ಬಾರಿಗೆ ಕಂಡದ್ದು 2019ರಲ್ಲಿ. ರಾಜಕೀಯದಲ್ಲಂತೂ ಈ ಕಂದರ ಇನ್ನೂ ಆಳ: 2022ರ ಡಿಸೆಂಬರ್‌ನಲ್ಲಿ ಅಯಾಕುಚೊದಲ್ಲೂ 2023ರ ಜನವರಿಯಲ್ಲಿ ಹುಲಿಯಾಕಾದಲ್ಲೂ ಸರ್ಕಾರ ವಿರೋಧಿ ಪ್ರತಿಭಟನೆಗಳ ವೇಳೆ ಗುಂಡೇಟಿಗೆ ಬಲಿಯಾದವರಲ್ಲಿ ಹಲವರು ಎಳೆಯರು. ಕೆಚುವಾ ಹಾಡಿಗೆ ತಲೆದೂಗುವ ದೇಶವೇ ಕೆಚುವಾ ಸೀಮೆಯ ರಾಜಕೀಯ ದನಿಯನ್ನು ಸಂಶಯದಿಂದ ನೋಡುತ್ತಿದೆ.

ಸರ್ಕಾರಿ ಕಚೇರಿಗಳಲ್ಲಿ ತಾಯ್ನುಡಿ ಬಳಸುವ ಹಕ್ಕನ್ನು 2011ರ ಭಾಷಾ ಕಾನೂನು ಈಗಾಗಲೇ ಒಪ್ಪಿದೆ. ಅದು ತರಗತಿ, ನ್ಯಾಯಾಲಯ, ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯಬೇಕಾದರೆ ಕೆಚುವಾ ಬಲ್ಲ ಶಿಕ್ಷಕರು, ದುಭಾಷಿಗಳು, ದಾದಿಯರು ಬೇಕು. ಅವರಿಗೆ ಸಂಬಳ ಕೊಡುವ ಬಜೆಟ್ ಬೇಕು. ಗುರುತಿನ ಅಭಿಮಾನವನ್ನು ಯುವಜನ ತಾವಾಗಿಯೇ ಗಳಿಸಿಕೊಂಡಿದ್ದಾರೆ. ಈ ಹುದ್ದೆಗಳನ್ನು ಸೃಷ್ಟಿಸುವುದು ಪ್ರಭುತ್ವದ ಕೆಲಸ.