ಕ್ಯಾನ್ಸರ್ ಪೀಡಿತ ಮಕ್ಕಳ ಆರೈಕೆ: ಸಾಂಕ್ರಾಮಿಕ ಕಾಲದ ಎಚ್ಚರಗಳು

ಕೀಳ್ ಕೋತಗಿರಿ: ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹೆಚ್ಚು. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯವಿದೆ.

2020ರ ಮಾರ್ಚ್ 25ರಂದು ಕೋವಿಡ್ ಲಾಕ್‌ಡೌನ್ ಆರಂಭವಾದಾಗ ಬಸ್ಸುಗಳು ನಿಂತವು, ಗಡಿ ದಾಟಲು ಪಾಸ್ ಬೇಕಾಯಿತು. ಗುಡ್ಡದ ಊರಿನವರು ದೊಡ್ಡ ಆಸ್ಪತ್ರೆಗೆ ಘಾಟಿ ಇಳಿದು ಕೊಯಮತ್ತೂರಿಗೆ, ಇಲ್ಲವೇ ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಗೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕು. ಅಂಥ ಕಾಲ ಮತ್ತೆ ಬಂದರೆ ಗಮನಿಸಬೇಕಾದ ಅಂಶಗಳು:

* ವೈದ್ಯರನ್ನು ಕೇಳದೆ ಕಿಮೋಥೆರಪಿ ತಪ್ಪಿಸಬಾರದು. ಮೊದಲು ಫೋನ್ ಮಾಡಿ ವಿಚಾರಿಸಿ.

* ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ತುರ್ತುಸ್ಥಿತಿ. ಬಿಳಿ ರಕ್ತಕಣ ಕಡಿಮೆ ಇರುವ ಮಗುವಿಗೆ ಸೋಂಕು ಕೆಲವೇ ಗಂಟೆಗಳಲ್ಲಿ ಏರಬಹುದು. ಕೋವಿಡ್ ಇರಬಹುದೆಂದು ಹೆದರಿ ಮನೆಯಲ್ಲೇ ಕಾಯಬೇಡಿ, 108ಕ್ಕೆ ಕರೆ ಮಾಡಿ.

* ಚಿಕಿತ್ಸೆಯ ಚೀಟಿಗಳ ಫೋಟೊ ಮೊಬೈಲ್‌ನಲ್ಲಿರಲಿ. ದಾರಿ ಮುಚ್ಚಿದರೆ ಹತ್ತಿರದ ಆಸ್ಪತ್ರೆಯ ವೈದ್ಯರಿಗೆ ಅದೇ ಆಧಾರ.

* ಮನೆಯವರು ಕೈ ತೊಳೆದು ಮಗುವನ್ನು ಮುಟ್ಟಬೇಕು, ಲಸಿಕೆ ಹಾಕಿಸಿಕೊಳ್ಳಬೇಕು. ನೆಗಡಿ, ಕೆಮ್ಮು ಇದ್ದವರು ದೂರವಿರಬೇಕು.

* ಬೆಂಗಳೂರಿಗೆ ಹೋಗುವವರು ಗಮನಿಸಿ: ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸ್‌ಗೆ ವಿನಾಯಿತಿ ಇದೆ.

ಸರಿಯಾದ ಸಮಯಕ್ಕೆ ಪೂರ್ಣ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳ ಲ್ಯುಕೇಮಿಯಾ ಗುಣವಾಗುತ್ತದೆ.