ಎತ್ತರಿಸಿದ ಜೀಪಿನ ಸ್ಟೀರಿಂಗ್ ನಡುಕ: ಕಾರಣ ಹುಡುಕುವ ಕ್ರಮ

ತಾಳವಾಡಿ, ನೀಲಗಿರಿ, ವಯನಾಡು, ಕಾಸರಗೋಡಿನ ಗುಡ್ಡದೂರುಗಳಲ್ಲಿರುವ ನಮ್ಮ ಬಂಧುಗಳ ಅಂಗಳದಲ್ಲಿ ಇಂದಿಗೂ ಹಳೆಯ ಮಹೀಂದ್ರ ಜೀಪು ಅಥವಾ ಮಾರುತಿ ಜಿಪ್ಸಿ ನಿಂತಿರುವುದುಂಟು. ತೋಟದ ದಾರಿಯ ಕಲ್ಲು, ಹಳ್ಳ, ಮಳೆಗಾಲದ ಕೆಸರು ನೋಡಿ ಅನೇಕರು ಗಾಡಿಯನ್ನು ಎರಡು ಮೂರು ಇಂಚು ಎತ್ತರಿಸಿ ದೊಡ್ಡ ಟೈರು ಹಾಕಿಸುತ್ತಾರೆ. ತೋಟದೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಡಾಂಬರು ರಸ್ತೆಯಲ್ಲಿ 60 ಕಿ.ಮೀ. ವೇಗ ದಾಟಿ ಒಂದು ಸಣ್ಣ ಗುಂಡಿಗೆ ಚಕ್ರ ಬಿದ್ದಾಗ ಮಾತ್ರ ಸ್ಟೀರಿಂಗ್ ಕೈಯಲ್ಲಿ ನಿಲ್ಲದಷ್ಟು ಜೋರಾಗಿ ಎಡಕ್ಕೂ ಬಲಕ್ಕೂ ಹೊಡೆದಾಡುತ್ತದೆ. 27 ತಿರುವುಗಳ ದಿಂಬಂ ಘಾಟಿಯಲ್ಲೋ 36 ತಿರುವುಗಳ ಕಲ್ಲಟ್ಟಿ ಇಳಿಜಾರಿನಲ್ಲೋ ಓಡಾಡುವ ಗಾಡಿಯಲ್ಲಿ ಈ ದೋಷವನ್ನು ಹಾಗೇ ಬಿಡುವಂತಿಲ್ಲ.

ವರ್ಕ್‌ಶಾಪಿನಲ್ಲಿ ಮಾತು ತಮಿಳಾಗಿರಲಿ, ಮಲಯಾಳವಾಗಿರಲಿ, ಬಿಡಿಭಾಗಗಳ ಹೆಸರು ಎಲ್ಲೆಡೆ ಒಂದೇ. ದೋಷದ ಲಕ್ಷಣವನ್ನು ಸರಿಯಾಗಿ ಹೇಳಲು ಬಾರದಿದ್ದರೆ ಬೇಡದ ಸಾಮಾನು ಬದಲಾಗುತ್ತದೆ, ನಡುಕ ಹಾಗೇ ಉಳಿಯುತ್ತದೆ. ಅದಕ್ಕಾಗಿ ಈ ಮಾಹಿತಿ.

ಯಾವ ಗಾಡಿಗಳಿಗೆ ಅನ್ವಯ

ಎರಡು ಮುಂಚಕ್ರಗಳನ್ನು ಒಂದೇ ಗಟ್ಟಿ ಆಕ್ಸೆಲ್ ಜೋಡಿಸುವ ಗಾಡಿಗಳಲ್ಲಿ ಈ ರೋಗ ಹೆಚ್ಚು. ಹಳೆಯ ಮಹೀಂದ್ರ ಜೀಪುಗಳು ಮತ್ತು ಜಿಪ್ಸಿ ಪ್ಲೇಟು ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಆಕ್ಸೆಲ್ಲಿನವು. 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲೂ ಗಟ್ಟಿ ಆಕ್ಸೆಲ್ಲೇ ಇದೆ, ಆದರೆ ಕಾಯಿಲ್ ಸ್ಪ್ರಿಂಗ್. 2020ರ ನಂತರದ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಅದರಲ್ಲಿ ನಡುಕ ಬಂದರೆ ಮೊದಲು ಟೈರು, ಬಾಲ್ ಜಾಯಿಂಟ್, ಅಲೈನ್‌ಮೆಂಟ್ ನೋಡಬೇಕು. ಕೆಳಗೆ ಹೇಳುವ ಕಿಂಗ್ ಪಿನ್ ವಿಚಾರ ಅದಕ್ಕೆ ಸೇರದು.

ನಡುಕ ಎಲ್ಲವೂ ಒಂದೇ ಅಲ್ಲ

ಗಾಡಿಯ ಕೆಳಗೆ ಮಲಗುವ ಮೊದಲು ನಡುಕ ಯಾವ ಬಗೆಯದು ಎಂದು ಗುರುತಿಸಿಕೊಳ್ಳಿ.

- ಒಂದು ವೇಗದಲ್ಲಿ ಶುರುವಾಗಿ ವೇಗ ಹೆಚ್ಚಿದರೆ ಅಥವಾ ತಗ್ಗಿದರೆ ತಾನೇ ಹೋಗುವ ಸಣ್ಣ ಅದುರು: ಚಕ್ರದ ಬ್ಯಾಲೆನ್ಸ್, ಟೈರಿನ ಆಕಾರ.
- ಬ್ರೇಕ್ ತುಳಿದಾಗ ಮಾತ್ರ ಅದುರು: ಬ್ರೇಕ್ ಡಿಸ್ಕ್ ಅಥವಾ ಡ್ರಮ್ ಸೊಟ್ಟಗಾಗಿದೆ.
- ಆಕ್ಸಿಲರೇಟರ್ ಒತ್ತಿದಾಗ ಸೀಟಿನಡಿ ಬರುವ ಗುಂಯ್ ಎಂಬ ಕಂಪನ: ಗಾಡಿ ಎತ್ತರಿಸಿದ್ದರಿಂದ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಓರೆಯಾಗಿದೆ. ಇದು ಸ್ಟೀರಿಂಗಿನ ದೋಷ ಅಲ್ಲ.
- ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುವುದು, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿರುವುದು: ಕ್ಯಾಸ್ಟರ್ ಕಡಿಮೆಯಾಗಿದೆ, ಅಥವಾ ಸ್ಟೀರಿಂಗ್ ಬಾಕ್ಸಿನಲ್ಲಿ ಪ್ಲೇ ಇದೆ.
- ಗುಂಡಿಗೋ ಸೇತುವೆಯ ಜೋಡಣೆಗೋ ತಾಗಿದ ಕೂಡಲೇ ಶುರುವಾಗಿ, ಗಾಡಿ ಬಹಳ ನಿಧಾನವಾಗುವ ತನಕ ನಿಲ್ಲದ ಜೋರಾದ ಹೊಡೆತ: ಇದೇ ನಿಜವಾದ ವಾಬಲ್. ಮುಂದಿನ ಮಾತೆಲ್ಲ ಹೆಚ್ಚಾಗಿ ಇದರ ಬಗ್ಗೆ.

ಹೀಗೇಕಾಗುತ್ತದೆ

28 ಇಂಚು ಎತ್ತರದ ಟೈರು ಗಂಟೆಗೆ 70 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 8ರಿಂದ 9 ಸುತ್ತು ತಿರುಗುತ್ತದೆ. ಟೈರಿನಲ್ಲಿ ಸ್ವಲ್ಪ ತೂಕದ ವ್ಯತ್ಯಾಸವಿದ್ದರೂ ಪ್ರತಿ ಸುತ್ತಿಗೂ ಚಕ್ರಕ್ಕೆ ಒಂದು ತಳ್ಳು ಬೀಳುತ್ತದೆ. ಕಿಂಗ್ ಪಿನ್, ಟೈ ರಾಡ್, ಬುಷ್ ಎಲ್ಲ ಬಿಗಿಯಾಗಿದ್ದರೆ ಆ ತಳ್ಳು ಅಲ್ಲೇ ಸಾಯುತ್ತದೆ. ಎಲ್ಲೋ ಪ್ಲೇ ಇದ್ದರೆ ಚಕ್ರಗಳು ಅಷ್ಟು ಜಾಗದಲ್ಲಿ ಓಲಾಡತೊಡಗುತ್ತವೆ. ತಳ್ಳಿನ ಲಯವೂ ಓಲಾಟದ ಲಯವೂ ಕೂಡಿಕೊಂಡಾಗ ತೊಟ್ಟಿಲನ್ನು ಹದ ನೋಡಿ ತೂಗಿದ ಹಾಗೆ ಓಲಾಟ ಬೆಳೆಯುತ್ತಾ ಹೋಗುತ್ತದೆ. ಎರಡೂ ಚಕ್ರಗಳು ಒಂದೇ ಆಕ್ಸೆಲ್ಲಿಗೆ, ಒಂದೇ ಟೈ ರಾಡಿಗೆ ಕಟ್ಟಿಕೊಂಡಿರುವುದರಿಂದ ಒಂದರ ಆಟ ಇನ್ನೊಂದಕ್ಕೂ ಹತ್ತುತ್ತದೆ.

ಲಿಫ್ಟ್ ಮಾಡಿದ್ದೇ ಇದಕ್ಕೆ ಪೂರ್ತಿ ಕಾರಣ ಅಲ್ಲ. ಮೊದಲೇ ಇದ್ದ ಸವೆತವನ್ನು ಅದು ಬಯಲಿಗೆ ತರುತ್ತದೆ. ಭಾರದ ಟೈರು ತಳ್ಳನ್ನು ಜೋರು ಮಾಡುತ್ತದೆ, ಹೊರಗೆ ಚಾಚಿದ ರಿಮ್ ಅಥವಾ ಸ್ಪೇಸರ್ ಆ ತಳ್ಳಿಗೆ ಸನ್ನೆಕೋಲಿನ ಬಲ ಕೊಡುತ್ತದೆ, ಕೋನಗಳು ಕೆಟ್ಟರೆ ಚಕ್ರ ನೇರಕ್ಕೆ ಮರಳುವ ಗುಣ ತಗ್ಗುತ್ತದೆ.

ದಾರಿಯಲ್ಲಿ ಶುರುವಾದರೆ

ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿಯಿರಿ, ಆದರೆ ಹೆಬ್ಬೆರಳನ್ನು ಒಳಗಿನ ಕಡ್ಡಿಗಳಿಗೆ ಸುತ್ತಬೇಡಿ. ಚಕ್ರ ಹೊಡೆದರೆ ಬೆರಳು ಮುರಿಯಬಹುದು. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕನ್ನು ಒಮ್ಮೆಲೇ ಒತ್ತದೆ, ಹದವಾಗಿ ವೇಗ ತಗ್ಗಿಸಿ, ನಡುಕ ನಿಂತ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ. ಹೊರಡುವ ಮುನ್ನ ಚಕ್ರದ ನಟ್ಟುಗಳು, ಟೈ ರಾಡಿನ ತುದಿಗಳು, ಡ್ರ್ಯಾಗ್ ಲಿಂಕ್ ಕಳಚಿಲ್ಲ ಎಂದು ನೋಡಿಕೊಳ್ಳಿ. ಒಂದೊಂದು ಸಲದ ವಾಬಲ್ ಕೂಡ ಜಾಯಿಂಟುಗಳನ್ನು ಇನ್ನಷ್ಟು ಸವೆಸುತ್ತದೆ. ‘ನಿಧಾನ ಓಡಿಸಿದರಾಯ್ತು’ ಎಂದು ತಿಂಗಳುಗಟ್ಟಲೆ ತಳ್ಳಬೇಡಿ.

ಪರೀಕ್ಷೆಯ ಕ್ರಮ

ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಆಮೇಲೆ. ಒಮ್ಮೆಗೆ ಒಂದನ್ನೇ ಸರಿಮಾಡಿ ಓಡಿಸಿ ನೋಡಿದರೆ ಕಾರಣ ಯಾವುದೆಂದು ತಿಳಿಯುತ್ತದೆ.

1. ಟೈರು. ಗಾಡಿ ತಣ್ಣಗಿರುವಾಗ ಗಾಳಿ ನೋಡಿ. ತೋಟದ ದಾರಿಗೆಂದು ತಗ್ಗಿಸಿದ ಗಾಳಿಯನ್ನು ಡಾಂಬರಿಗೆ ಬಂದ ಮೇಲೆ ತುಂಬಿಸದೆ ಓಡಿಸುವುದು ಸಾಮಾನ್ಯ ತಪ್ಪು. ರಬ್ಬರಿನಲ್ಲಿ ಉಬ್ಬು, ಅಲೆ ಅಲೆಯಾದ ಸವೆತ ಇದೆಯೇ ನೋಡಿ. ಚಕ್ರ ಎತ್ತಿ ತಿರುಗಿಸುತ್ತಾ ಸೀಮೆಸುಣ್ಣದ ತುಂಡನ್ನು ಟೈರಿನ ಹತ್ತಿರ ಅಲುಗಾಡದಂತೆ ಹಿಡಿದರೆ ಎಲ್ಲಿ ಉಬ್ಬಿದೆ ಎಂದು ಗುರುತು ಬೀಳುತ್ತದೆ. ರಿಮ್ಮಿನ ಒಳಗೆ ಅಂಟಿದ ಒಣ ಕೆಸರು ಕೆರೆದು ತೆಗೆಯಿರಿ. ನಂತರ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕದ ರೀತಿ ಬದಲಾದರೆ ಟೈರು ಅಥವಾ ರಿಮ್ಮಿನ ಪಾಲು ಇದೆ ಎಂದರ್ಥ.

2. ಇಬ್ಬರು ಸೇರಿ ಮಾಡುವ ಪರೀಕ್ಷೆ. ಗಾಡಿ ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಚಕ್ರ ಊರಿ ನಿಂತಿರಲಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂಚಕ್ರಗಳಿಗೆ ಕಲ್ಲು ಇಡಿ. ಒಬ್ಬರು ಸ್ಟೀರಿಂಗನ್ನು ಒಂದು ಗೇಣಿನಷ್ಟು ಎಡಬಲಕ್ಕೆ ಅಲ್ಲಾಡಿಸುತ್ತಿರಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು, ಗೇರ್ ನ್ಯೂಟ್ರಲಿನಲ್ಲಿರಬೇಕು. ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಕೈ ಇಟ್ಟು ನೋಡಬೇಕು. ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳು, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಹಳೆಯ ಜೀಪಿನಲ್ಲಾದರೆ ಬೆಲ್ ಕ್ರ್ಯಾಂಕ್, ಟೈ ರಾಡಿನ ತುದಿಗಳು, ಸ್ಪ್ರಿಂಗಿನ ಬುಷ್‌ಗಳು. ಕಾಯಿಲ್ ಸ್ಪ್ರಿಂಗಿನ ಗಾಡಿಯಲ್ಲಿ ಆಕ್ಸೆಲ್ಲನ್ನು ಅಡ್ಡಲಾಗಿ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿಗಳನ್ನು ವಿಶೇಷವಾಗಿ ನೋಡಿ. ಅಲ್ಲಿ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬುಷ್ ಹಾಕಿಯೂ ಪ್ರಯೋಜನವಿಲ್ಲ. ಒಂದು ಭಾಗ ಅಲುಗಿ ಅದಕ್ಕೆ ಜೋಡಿಸಿದ ಮುಂದಿನ ಭಾಗ ತಡವಾಗಿ ಅಲುಗಿದರೆ ಅಲ್ಲಿ ಪ್ಲೇ ಇದೆ.

3. ಚಕ್ರ ಎತ್ತಿ ನೋಡುವುದು. ಆಕ್ಸೆಲ್ಲಿಗೆ ಜಾಕ್ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೈ ಹಾಕಿ. ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಹೊರಗೆ ಅಲ್ಲಾಡಿಸಿ. ‘ಟಕ್’ ಎಂದರೆ ಜೊತೆಗಾರರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್ ಸಡಿಲ. ಆಗಲೂ ಉಳಿದರೆ ಕಿಂಗ್ ಪಿನ್. ಎಡಬಲ ತುದಿ ಹಿಡಿದಾಗ ಮಾತ್ರ ಪ್ಲೇ ಕಂಡರೆ ಟೈ ರಾಡಿನ ತುದಿಗಳ ಮೇಲೆ ಸಂಶಯ ಪಡಿ.

4. ಕಿಂಗ್ ಪಿನ್ ಬಿಗಿತ. ಹಳೆಯ ಜೀಪು ಮತ್ತು ಜಿಪ್ಸಿಯಲ್ಲಿ ವಾಬಲ್‌ಗೆ ಮುಖ್ಯ ಕಾರಣ ಬಹಳ ಸಲ ಇದೇ. ಕೈಗೆ ಪ್ಲೇ ಸಿಗದಿದ್ದರೂ ಬೇರಿಂಗಿನ ಮೇಲೆ ಇರಬೇಕಾದ ಒತ್ತಡ ಹೋಗಿರಬಹುದು. ಟೈ ರಾಡ್ ಕಳಚಿ, ನಕಲ್ ತೋಳಿನ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ನಕಲ್ ತಿರುಗಲು ಎಷ್ಟು ಬಲ ಬೇಕು ಎಂದು ನೋಡುತ್ತಾರೆ. ಎಷ್ಟಿರಬೇಕು ಎಂಬುದು ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಕಡಿಮೆ ಇದ್ದರೆ ಮುಚ್ಚಳದ ಕೆಳಗಿನ ತೆಳು ಶಿಮ್ ತೆಗೆದು ಬಿಗಿ ಮಾಡಬಹುದು. ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಫಲವಿಲ್ಲ, ಬೇರಿಂಗನ್ನೇ ಬದಲಿಸಬೇಕು. ಸ್ಟೀರಿಂಗ್ ತಿರುಗಿಸುವಾಗ ನಡುವಿನಲ್ಲಿ ತಡೆದಂತಾದರೆ ಅದೇ ಗುಳಿಯ ಸೂಚನೆ.

5. ಲಿಫ್ಟಿನ ಜೋಡಣೆ. ಯು ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ನೋಡಿಸಿ. ಹೊಸ ಪ್ಲೇಟುಗಳು ಕೆಲವು ನೂರು ಕಿ.ಮೀ. ಓಡಿದ ಮೇಲೆ ಕೂತುಕೊಂಡು ಬೋಲ್ಟು ಸಡಿಲವಾಗುತ್ತದೆ. ಮತ್ತೊಮ್ಮೆ ಬಿಗಿ ಮಾಡಿಸದಿರುವವರೇ ಹೆಚ್ಚು.

6. ಕೋನಗಳು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವಂತೆ ಜೀಪಿನ ಕಿಂಗ್ ಪಿನ್ನಿನ ಮೇಲ್ತುದಿಯೂ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದೇ ಕ್ಯಾಸ್ಟರ್. ಹಳೆಯ ವಿಲ್ಲಿಸ್ ಮಾದರಿಯ ಜೀಪಿಗೆ ಇದು 3 ಡಿಗ್ರಿ. ಈ ಜೀಪುಗಳಲ್ಲಿ ಶ್ಯಾಕಲ್ ಇರುವುದು ಮುಂದಿನ ಸ್ಪ್ರಿಂಗಿನ ಮುಂತುದಿಯಲ್ಲಿ. ಅಲ್ಲಿ ಉದ್ದದ ಶ್ಯಾಕಲ್ ಹಾಕಿ ಎತ್ತರಿಸಿದರೆ ಸ್ಪ್ರಿಂಗಿನ ಮುಂತುದಿ ತಗ್ಗಿ, ಆಕ್ಸೆಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಅಗ್ಗದ ಲಿಫ್ಟಿನ ದೊಡ್ಡ ದೋಷ ಇದು. ಕಾಯಿಲ್ ಗಾಡಿಯಲ್ಲೂ ಎತ್ತರಿಸಿದ ಪ್ರತಿ ಇಂಚಿಗೆ ಸ್ಥೂಲವಾಗಿ ಒಂದು ಡಿಗ್ರಿ ಹೋಗುತ್ತದೆ ಎಂದು ಲೆಕ್ಕ ಹಾಕಬಹುದು.

ಪ್ಲೇಟು ಸ್ಪ್ರಿಂಗಿಗೂ ಆಕ್ಸೆಲ್ಲಿಗೂ ನಡುವೆ ಓರೆ ಬೆಣೆ ಇಟ್ಟು ಇದನ್ನು ಸರಿಮಾಡುತ್ತಾರೆ. ಕಾಯಿಲ್ ಗಾಡಿಯಲ್ಲಾದರೆ ಕ್ಯಾಸ್ಟರ್ ಬುಷ್ ಹಾಕುತ್ತಾರೆ. ಬೆಣೆಯನ್ನು ತಿರುಗುಮುರುಗಾಗಿ ಇಟ್ಟರೆ ದೋಷ ಇಮ್ಮಡಿಯಾಗುತ್ತದೆ. ಕೆಲಸ ಮುಗಿದ ಮೇಲೆ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿದೆಯೇ ಎಂದು ಅಳತೆ ಮಾಡಿಯೇ ಗಾಡಿ ತನ್ನಿ. ಕ್ಯಾಸ್ಟರ್ ಅತಿಯಾಗಿ ಹೆಚ್ಚಿಸಿದರೂ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ.

ಟೋ-ಇನ್ ಅಳೆಯಲು ಎರಡು ಮುಂದಿನ ಟೈರುಗಳ ನಡುವಿಗೆ ಗೆರೆ ಎಳೆದು, ಆಕ್ಸೆಲ್ಲಿನ ಎತ್ತರದಲ್ಲಿ ಮುಂಭಾಗದ ಅಂತರ, ಹಿಂಭಾಗದ ಅಂತರ ಎರಡನ್ನೂ ಟೇಪಿನಿಂದ ಅಳೆಯಿರಿ. ಹಳೆಯ ಜೀಪಿನಲ್ಲಿ ಮುಂಭಾಗ ಸುಮಾರು 1ರಿಂದ 2.5 ಮಿ.ಮೀ. ಕಡಿಮೆ ಇರಬೇಕು. ಬೇರೆ ಗಾಡಿಗಳಿಗೆ ಅವುಗಳ ಪುಸ್ತಕದ ಅಳತೆಯೇ ಪ್ರಮಾಣ. ಕೊನೆಯಲ್ಲಿ ಡ್ರ್ಯಾಗ್ ಲಿಂಕ್ ಎಷ್ಟು ಓರೆಯಾಗಿದೆ ನೋಡಿ. ಅದು ಕಡಿದಾಗಿ ಇಳಿದಿದ್ದರೆ ಗುಂಡಿಯಲ್ಲಿ ಆಕ್ಸೆಲ್ ಮೇಲೆ ಕೆಳಗೆ ಆಡಿದಾಗಲೆಲ್ಲ ಸ್ಟೀರಿಂಗ್ ತಾನೇ ಎಳೆಯುತ್ತದೆ.

ಡ್ಯಾಂಪರ್ ಔಷಧಿಯಲ್ಲ

ನಡುಕ ಎಂದ ಕೂಡಲೇ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಕಳಿಸುವ ರೂಢಿ ಇದೆ. ಕೆಲವು ವಾರ ನಡುಕ ಅಡಗಲೂಬಹುದು. ಆದರೆ ಸಡಿಲವಾದ ಕಿಂಗ್ ಪಿನ್ನು, ಸವೆದ ಟೈ ರಾಡು ಒಳಗೆ ಹಾಗೇ ಇರುತ್ತವೆ. ಡ್ಯಾಂಪರ್ ಸೋತ ದಿನ ನಡುಕ ಮೊದಲಿಗಿಂತ ಜೋರಾಗಿ ಮರಳುತ್ತದೆ. ಎಲ್ಲ ಸರಿಯಾದ ಮೇಲೆ, ಕಲ್ಲಿನ ದಾರಿಯ ಒದೆತ ತಡೆಯಲು ಡ್ಯಾಂಪರ್ ಇರಲಿ.

ಕಾನೂನಿನ ಒಂದು ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಗಡಿ ದಾಟಿ ದಿನವೂ ಓಡಾಡುವ ನಮಗೆ ತಪಾಸಣೆ ಹೊಸದೇನಲ್ಲ. ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳಬಹುದು. ಆದ್ದರಿಂದ ಎತ್ತರಿಸುವ ಮೊದಲೇ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ವರ್ಕ್‌ಶಾಪಿಗೆ ಹೋಗುವಾಗ

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನಡುಕ ಯಾವ ವೇಗದಲ್ಲಿ ಶುರುವಾಯಿತು, ಗುಂಡಿಯ ನಂತರವೋ ತಾನಾಗಿಯೋ, ಬ್ರೇಕ್ ತುಳಿದಾಗ ಹೆಚ್ಚಾಯಿತೇ, ಟೈರಿನ ಅಳತೆ ಮತ್ತು ಗಾಳಿ ಎಷ್ಟು, ಎಷ್ಟು ಇಂಚು ಲಿಫ್ಟ್, ಅದನ್ನು ಹೇಗೆ ಮಾಡಿಸಿದ್ದು, ಈವರೆಗೆ ಏನೇನು ಬದಲಿಸಿದ್ದೀರಿ. ಮೆಕ್ಯಾನಿಕ್ ಅಣ್ಣನ ಅರ್ಧ ಕೆಲಸ ಆ ಚೀಟಿಯಲ್ಲೇ ಮುಗಿದಿರುತ್ತದೆ. ದುರಸ್ತಿಯಾದ ಮೇಲೆ ಮೊದಲ ಓಡಾಟವನ್ನು ಘಾಟಿಯಲ್ಲಿ ಮಾಡಬೇಡಿ. ಖಾಲಿ ಇರುವ ನೇರ ರಸ್ತೆಯಲ್ಲಿ ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿ ನೋಡಿ. ಅಲ್ಲಿ ಗಾಡಿ ನೆಟ್ಟಗೆ ಓಡಿದ ಮೇಲೆಯೇ ಮನೆಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಘಾಟಿಗೆ ಹೊರಡಿ.